ಹೋಗಲೋ, ಇರಲೋ

ಅಪ್ಪ ಸ್ವಂತದ್ದೊಂದು ವಾಕ್ಯ ಆಡಿದ್ದನ್ನು ನಾನು ಚಿಕ್ಕಂದಿನಲ್ಲಿ ಕೇಳಿದ ನೆನಪಿಲ್ಲ. ಇದನ್ನು ಹೇಳಿದರೆ ನೆಂಟರು ಈಗಲೂ ಮುಖ ಸಿಂಡರಿಸುತ್ತಾರೆ. ಅವರ ಪ್ರಕಾರ ಅಪ್ಪ ಸಾಧು, ಇರುವೆಗೂ ನೋವು ಮಾಡದವರು. ಇರಬಹುದು. ಇರುವೆಗೆ ಉತ್ತರ ಕೊಡಬೇಕಾದ ಪ್ರಸಂಗ ಬರುವುದಿಲ್ಲ, ಹೆಂಡತಿಗೆ ಬರುತ್ತದೆ. ದುಬೈಯ ರಾಸ್ ಅಲ್ ಖೋರ್‌ನಲ್ಲಿ ಕಾರುಗಳ ಬಿಡಿಭಾಗದ ಗೋಡೌನ್ ಒಂದರಲ್ಲಿ ಅವರು ಸ್ಟೋರ್‌ಕೀಪರ್ ಆಗಿದ್ದರು. ಕೌಂಟರಿನ ಆಚೆಯಿಂದ ಯಾರಾದರೂ ಮುಂದಿನ ಚಕ್ರದ ಬ್ರೇಕ್ ಪ್ಯಾಡ್ ಬೇಕು ಎಂದರೆ ಈಚೆಯಿಂದ ಇವರು ಅದನ್ನೇ ಹಾಗೆಯೇ ಮರಳಿ ಹೇಳಿ, ಆಮೇಲೆ ಕಪಾಟಿನತ್ತ ಹೋಗಬೇಕು. ತಪ್ಪು ಸಾಮಾನು ಹೋಗಬಾರದೆಂದು ಅಲ್ಲಿಯ ಪದ್ಧತಿ. ಗೋಡೌನಿಗೆ ಒಳ್ಳೆಯ ಪದ್ಧತಿಯೇ. ಅಪ್ಪ ಅದನ್ನು ಮನೆಗೂ ತಂದರು. ಅಮ್ಮ ಅಡುಗೆಮನೆಯಿಂದ ಗ್ಯಾಸ್ ಮುಗೀತು ಎಂದರೆ, ಸೋಫಾದ ಮೇಲಿಂದ ‘ಗ್ಯಾಸ್ ಮುಗೀತು’ ಎಂದು ಉತ್ತರ ಬರುತ್ತಿತ್ತು. ಸಿಲಿಂಡರ್ ಬರುತ್ತಿರಲಿಲ್ಲ. ಹಾಗೆ ಮರಳಿ ಹೇಳಿ ಮುಗಿಸಲಾಗದ ಪ್ರಶ್ನೆಗಳಿಗೆಂದು ಅವರ ಬಳಿ ಇನ್ನೊಂದು ಮಾತು ಇತ್ತು. ‘ನೋಡುವ.’ ಊರಿಗೆ ಹೋಗುವ ಟಿಕೆಟ್, ನನ್ನ ಹಲ್ಲಿಗೆ ತಂತಿ ಹಾಕಿಸುವುದು, ಹಾಲ್‌ನ ಕೆಟ್ಟ ಏಸಿ, ಎಲ್ಲದಕ್ಕೂ ನೋಡುವ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ದೀಪ ಆರಿದ್ದೇ ಇಲ್ಲ.

ಮನೆ ಇದ್ದದ್ದು ಅಲ್ ಬರ್ಷಾದಲ್ಲಿ. ಎರಡು ಬೆಡ್‌ರೂಮಿನ ಫ್ಲಾಟು. ಕಿಟಕಿಯಲ್ಲಿ ಬಗ್ಗಿ ನೋಡಿದರೆ ಆಗಷ್ಟೇ ಬಂದಿದ್ದ ಮೆಟ್ರೊ ಹೋಗುವುದು ಕಾಣುತ್ತಿತ್ತು. ಒಂದು ಬೆಡ್‌ರೂಮಿನಲ್ಲಿ ನಾವು ಮೂವರು. ಇನ್ನೊಂದರಲ್ಲಿ ಬಾಡಿಗೆಗೆ ಮೂವರು ಬ್ರಹ್ಮಚಾರಿಗಳು, ಎಲ್ಲ ಉಡುಪಿ ಕಡೆಯವರು, ಅಪ್ಪನ ಪರಿಚಯದವರು. ಬ್ರಹ್ಮಚಾರಿಗಳು ಎಂದರೆ ಹೆಂಡತಿ ಊರಲ್ಲಿರುವವರು ಎಂದು ಅರ್ಥ. ಅವರಲ್ಲಿ ಹಿರಿಯ ಜಯಣ್ಣ. ಉಳಿದಿಬ್ಬರಿಗೂ ಹೆಸರುಗಳಿದ್ದವು, ಆದರೆ ಅವರು ಜಯಣ್ಣ ನಕ್ಕರೆ ನಗುತ್ತಿದ್ದರು, ಜಯಣ್ಣ ಎದ್ದರೆ ಏಳುತ್ತಿದ್ದರು, ಹಾಗಾಗಿ ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ. ಮೂವರಿಗೂ ಊಟ ನಮ್ಮಲ್ಲೇ. ಅಮ್ಮ ಬೆಳಿಗ್ಗೆ ಎದ್ದು ಆರು ಮಂದಿಗೆ ಅನ್ನ, ಸಾರು, ಬಂಗುಡೆ ಮೀನಿನ ಪುಳಿಮುಂಚಿ ಮಾಡಿ ಡಬ್ಬಿಗಳಿಗೆ ತುಂಬುತ್ತಿದ್ದಳು. ಮದುವೆಗೆ ಮೊದಲು ಮಂಗಳೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಹೆಂಗಸು. ಮೀನಿನ ಕಿವಿರು ತೆಗೆಯುವಾಗ ಅದು ಹೇಗೆ ಉಸಿರಾಡುತ್ತದೆಂದು ನನಗೆ ತೋರಿಸುತ್ತಿದ್ದಳು. ಕ್ಲಾಸು ಅಂತ ಅವಳಿಗೆ ಉಳಿದದ್ದು ಅಷ್ಟೇ, ಒಂದು ಸಿಂಕು ಮತ್ತು ಒಬ್ಬಳು ಹುಡುಗಿ, ಅವಳೂ ‘ಐ ನೋ, ಐ ನೋ’ ಅನ್ನುವವಳು.

ಶುಕ್ರವಾರ ಸಂಜೆ ಹಾಲ್‌ನಲ್ಲಿ ಭಜನೆ. ಆಗ ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಚಪ್ಪಲಿ ಕಪಾಟಿನ ಮೇಲೆ ಹೊಸ ಟವೆಲ್ ಹಾಸಿ ದೇವರ ಪಟ ಇಡುವುದು, ಅಗರಬತ್ತಿಯ ಹೊಗೆಗೆ ಅಲಾರಂ ಹೊಡೆದುಕೊಳ್ಳಬಾರದೆಂದು ಅಪ್ಪ ಕುರ್ಚಿ ಹತ್ತಿ ಸ್ಮೋಕ್ ಡಿಟೆಕ್ಟರಿಗೆ ಸೂಪರ್‌ಮಾರ್ಕೆಟ್ಟಿನ ಪ್ಲಾಸ್ಟಿಕ್ ಚೀಲ ಕಟ್ಟುವುದು, ಆಮೇಲೆ ತಾಳ. ಜಯಣ್ಣ ಹಾಡಿಸುವವರು. ಅವರು ಒಂದು ಸಾಲು ಹೇಳಬೇಕು, ಉಳಿದವರು ಅದೇ ಸಾಲನ್ನು ಅದೇ ಧಾಟಿಯಲ್ಲಿ ಹೇಳಬೇಕು. ಭಜನೆಯ ನಿಯಮವೇ ಅದು. ಜಯಣ್ಣ ಕೆಮ್ಮಿ ಸಾಲನ್ನು ಅರ್ಧಕ್ಕೆ ಬಿಟ್ಟರೆ ಇವರೂ ಅರ್ಧಕ್ಕೆ ಬಿಡುತ್ತಿದ್ದರು. ಒಮ್ಮೆ ಅವರು ಮುಂದಿನ ಸಾಲು ಮರೆತು ಒಂದೇ ಸಾಲನ್ನು ಮತ್ತೆ ಮತ್ತೆ ಹಾಡಿದಾಗ ಇವರೂ ಹಾಡುತ್ತಲೇ ಹೋದರು, ಅಮ್ಮ ಒಳಗಿನಿಂದ ಅವಲಕ್ಕಿಯ ತಟ್ಟೆ ತಂದು ನಡುವೆ ಇಟ್ಟ ಮೇಲೆಯೇ ನಿಂತದ್ದು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಜನ. ಅದರಲ್ಲೂ ನನ್ನ ಅಪ್ಪ, ತನ್ನದೇ ಹಾಲ್‌ನಲ್ಲಿ ಕೂತು, ತನ್ನದೇ ಬಾಡಿಗೆದಾರನ ಹಿಂದೆ ಕಣ್ಣು ಮುಚ್ಚಿ ಹಾಡುತ್ತಿದ್ದರು. ಅವರ ಮುಖದಲ್ಲಿ ಆಗ ಇರುತ್ತಿದ್ದಷ್ಟು ನೆಮ್ಮದಿ ಬೇರೆ ಯಾವಾಗಲೂ ಇರುತ್ತಿರಲಿಲ್ಲ. ನನಗೆ ತಾಳ ಹಾಕು ಎಂದರೆ ನಾನು ಬೇಕೆಂದೇ ತಪ್ಪು ಹಾಕುತ್ತಿದ್ದೆ.

ಆ ವರ್ಷ ಅಬುಧಾಬಿಯ ಖಾಲಿದಿಯಾದ ಒಂದು ಶಾಲೆಯಿಂದ ಅಮ್ಮನಿಗೆ ಕೆಲಸ ಬಂತು. ವಿಜ್ಞಾನದ ಟೀಚರ್, ಇರಲಿಕ್ಕೆ ಒಂದು ಕೋಣೆ ಮತ್ತು ಅಡುಗೆಮನೆ, ನನಗೂ ಅಲ್ಲೇ ಸೀಟು. ಬಸ್ಸಿನಲ್ಲಿ ಹೋದರೆ ಒಂದೆರಡು ತಾಸಿನ ದಾರಿ. ಅಪ್ಪ ರಜೆಗೆ ಬಂದು ಹೋಗಬಹುದು, ಇಲ್ಲವೇ ನಾವೇ ಬರಬಹುದು. ಲೋಕ ಮುಳುಗುವಂಥದ್ದೇನೂ ಇರಲಿಲ್ಲ. ಆದರೆ ಅಮ್ಮ ಇದ್ದದ್ದು ಅಪ್ಪನ ವೀಸಾದಲ್ಲಿ, ಆದ್ದರಿಂದ ತನ್ನದೇನೂ ಅಭ್ಯಂತರವಿಲ್ಲ ಎಂದು ಅಪ್ಪ ಒಂದು ಎನ್‌ಒಸಿ ಪತ್ರ ಕೊಡಬೇಕಿತ್ತು. ರಮ್ಜಾನ್ ಕಳೆಯುವವರೆಗೆ ಕಾಯುತ್ತೇವೆ ಎಂದು ಶಾಲೆಯವರು ಹೇಳಿದ್ದರು. ಅಮ್ಮ ಮೊದಲ ಸಲ ಕೇಳಿದ್ದು ಊಟಕ್ಕೆ ಬಡಿಸುತ್ತ. ನಾನು ಎದುರಿಗೇ ಇದ್ದೆ.

“ಖಾಲಿದಿಯಾದ ಕೆಲಸ ಒಪ್ಪಿಕೊಳ್ಳಲಾ? ನೀವು ಎಂತ ಹೇಳ್ತೀರಿ?”

“ಖಾಲಿದಿಯಾದ ಕೆಲಸ,” ಎಂದರು ಅಪ್ಪ. ಸ್ವಲ್ಪ ಹೊತ್ತು ಅನ್ನ ಕಲಸಿದರು. “ನೋಡುವ.”

“ಬೇಡ ಅಂದ್ರೆ ಬೇಡ ಅನ್ನಿ. ಯಾಕೆ ಬೇಡ ಅಂತ ನಾನು ಕೇಳ್ತೇನೆ. ಅದಕ್ಕಾದ್ರೂ ಒಂದು ದಾರಿ ಆಗ್ತದೆ.”

“ಅದಲ್ಲ ಮಾರಾಯ್ತಿ. ನೋಡುವ ಅಂದೆ ಅಲ್ವಾ.”

ಬೇಡ ಎನ್ನುವ ಧೈರ್ಯವೂ ಇಲ್ಲ, ಹೋಗು ಎನ್ನುವ ಮನಸ್ಸೂ ಇಲ್ಲ. ಊಟದ ಡಬ್ಬಿ ಯಾರು ತುಂಬುತ್ತಾರೆ ಎಂದು ಬಾಯಿಬಿಟ್ಟು ಕೇಳಿದ್ದರೆ ಅದಾದರೂ ಗಂಡಸಿನ ಮಾತಾಗುತ್ತಿತ್ತು. ಕೇಳಲಿಲ್ಲ. ಪ್ರತಿ ವಾರ ಅಮ್ಮ ಕೇಳುವಳು, ಪ್ರತಿ ವಾರ ಇವರು ನೋಡುವರು. ನಮ್ಮ ಗೋಡೆಯಾಚೆ ಜೊಹರಾ ಆಂಟಿಯ ಮನೆ, ನಮ್ಮ ಕಡೆಯ ಬ್ಯಾರಿಗಳೇ, ದೇರಾದಲ್ಲಿ ಬಟ್ಟೆ ಅಂಗಡಿ ಇದ್ದವರು. ಆ ಗಂಡ ಹೆಂಡತಿ ದಿನಾ ಜಗಳವಾಡುತ್ತಿದ್ದರು. ಅವಳ ಒಂದು ಮಾತಿಗೆ ಅವನ ಒಂದು ಮಾತು, ಅವನ ಮಾತಿನ ನಡುವೆಯೇ ಅವಳ ಇನ್ನೊಂದು, ಕಡೆಗೆ ಇಬ್ಬರೂ ನಗುವುದು ಕೇಳಿಸುತ್ತಿತ್ತು. ಅಮ್ಮ ಪಾತ್ರೆ ತಿಕ್ಕುವುದನ್ನು ನಿಲ್ಲಿಸಿ ಕೇಳುತ್ತಿದ್ದಳು. ಬೇರೆಯವರ ಜಗಳವನ್ನು ಅಷ್ಟು ಆಸೆಯಿಂದ ಕೇಳುವವರನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ಆ ದಿನಗಳಲ್ಲೇ ಅಮ್ಮನಿಗೆ ಒಂದು ಹಾಡು ಸಿಕ್ಕಿತು, ನಮಗಿಂತ ಮೊದಲು ನಮ್ಮ ಫ್ಲಾಟಿನಲ್ಲಿ ಇದ್ದವರಿಂದ. ಅವರು ಬಿಟ್ಟುಹೋದ ಸೀಡಿಗಳ ಪೆಟ್ಟಿಗೆ ಅಡುಗೆಮನೆಯ ಅಟ್ಟದಲ್ಲಿತ್ತು, ಅಮ್ಮ ಕೆಲಸ ಮಾಡುತ್ತ ಅವನ್ನು ಹಾಕಿ ಕೇಳುತ್ತಿದ್ದಳು. ಅದರಲ್ಲೊಂದು ಅಮೆರಿಕದ ಕರಿಯರ ಸೋಲ್ ಸಂಗೀತದ್ದು. ಅದರಲ್ಲಿ ಒಂದು ಹಾಡು, ಒಬ್ಬಳು ಹೆಂಗಸಿಗೂ ನಾಲ್ವರು ಗಂಡಸರ ತಂಡಕ್ಕೂ ನಡುವೆ ನಡೆಯುವಂಥದ್ದು. ಅವಳು ಬಾಗಿಲಲ್ಲಿ ನಿಂತು ಕೇಳುತ್ತಾಳೆ, ನಾಲ್ವರೂ ಒಟ್ಟಿಗೆ ಉತ್ತರಿಸುತ್ತಾರೆ. ಅವಳು ದನಿ ಏರಿಸುತ್ತಾಳೆ, ಅವರು ಇನ್ನೂ ಕೆಳಗಿಳಿದು ಬೇಡಿಕೊಳ್ಳುತ್ತಾರೆ. ಮಾತಿಗೆ ಮಾತು ಕೊಟ್ಟು ಕೊಟ್ಟು ಕಡೆಗೆ ಐದೂ ದನಿ ಒಂದಾಗುತ್ತವೆ. ಅಮ್ಮ ಅದಕ್ಕೆ ಕನ್ನಡದಲ್ಲಿ ತಾನೇ ಸಾಲು ಕಟ್ಟಿದಳು. ಅವಳ ಪಾಲಿನದು:

ಬಾಗಿಲು ತೆರೆದೇ ಇದೆ, ಚಪ್ಪಲಿ ಮೆಟ್ಟಿದ್ದೇನೆ,
ಹೋಗಲೋ, ಇರಲೋ, ನೀನೇ ಹೇಳು.

ತಂಡದ್ದು:

ಹೋಗಬೇಡ, ಹೋಗಬೇಡ, ಅನ್ನ ಬಡಿಸಿದೆ ಬಾ.

ನಮ್ಮೂರವರ ಸಂಘದ ವಾರ್ಷಿಕೋತ್ಸವಕ್ಕೆ ಈ ಸಲ ಈ ಹಾಡು ಹಾಡುತ್ತೇನೆ, ತಂಡಕ್ಕೆ ನೀವು ನಾಲ್ವರು ಬನ್ನಿ ಎಂದು ಅವಳು ಒಂದು ಶುಕ್ರವಾರ ಭಜನೆ ಮುಗಿದ ಮೇಲೆ ಹೇಳಿದಳು. ಸ್ಟೇಜು ಎಂದೊಡನೆ ಜಯಣ್ಣನ ಕಿವಿ ನೆಟ್ಟಗಾಯಿತು. ಅವರು ಹೂಂ ಎಂದರು, ಉಳಿದ ಮೂವರೂ ಹೂಂ ಎಂದರು. ಅಮ್ಮನಿಗೆ ಏನು ಬೇಕಾಗಿತ್ತೆಂದು ನನಗೆ ಆಗಲೇ ಗೊತ್ತಾಗಿತ್ತು. ಹಾಡಿನಲ್ಲಾದರೂ ಈ ಮನುಷ್ಯ ಒಂದು ಉತ್ತರ ಕೊಡಲಿ, ಊಟದ ಮೇಜಿನಲ್ಲಿ ಆಗದ್ದು ಮೈಕಿನ ಎದುರಾದರೂ ಆಗಲಿ ಎಂಬುದು ಅವಳ ಆಸೆ. ಹಠ ಎಂದರೂ ನಡೆಯುತ್ತದೆ.

ಪ್ರಾಕ್ಟೀಸು ಶುಕ್ರವಾರ ಮಧ್ಯಾಹ್ನದ ಊಟದ ಮೇಲೆ. ಅಮ್ಮ ಬಾಗಿಲ ಹತ್ತಿರ ನಿಲ್ಲುವಳು, ನಾಲ್ವರು ಸೋಫಾದ ಎದುರು ಸಾಲಾಗಿ, ಹೊಟ್ಟೆ ಮುಂದು ಮಾಡಿ, ಕೈ ಕಟ್ಟಿ. ಅಮ್ಮ ಹಾಡಿದಳು, ಹೋಗಲೋ, ಇರಲೋ, ನೀನೇ ಹೇಳು. ನಾಲ್ವರೂ ಒಂದೇ ದನಿಯಲ್ಲಿ, ತಲೆಯಾಡಿಸುತ್ತ ಹಾಡಿದರು, ಹೋಗಲೋ, ಇರಲೋ, ನೀನೇ ಹೇಳು. ನಾನು ಬಿದ್ದು ಬಿದ್ದು ನಕ್ಕೆ. ಅಮ್ಮ ನಗಲಿಲ್ಲ.

“ನನ್ನ ಸಾಲು ನೀವು ಹೇಳ್ಲಿಕ್ಕಿಲ್ಲ. ನಿಮ್ಮದು ಬೇರೆ ಉಂಟಲ್ಲ? ನಾನು ಕೇಳುವುದು, ನೀವು ಉತ್ತರ ಕೊಡುವುದು.”

“ಅದು ಹೇಗಕ್ಕ?” ಎಂದರು ಜಯಣ್ಣ. “ಹಾಡಿಸುವವರು ಒಂದು ಹೇಳಿದ್ರೆ ನಾವು ಇನ್ನೊಂದು ಹೇಳುವುದಾ? ಎದುರು ಮಾತಾಡಿದ ಹಾಗೆ ಆಗುದಿಲ್ವಾ?”

“ಎದುರು ಮಾತಾಡಿದ ಹಾಗೆ ಆಗ್ತದೆ,” ಎಂದರು ಅಪ್ಪ.

“ಎದುರು ಮಾತೇ ಆಡ್ಬೇಕು,” ಎಂದಳು ಅಮ್ಮ. “ಅದೇ ಹಾಡು.”

ವಾರಗಟ್ಟಲೆ ಇದು ನಡೆಯಿತು. ಇಡೀ ಜೀವಮಾನ ಬೇರೆಯವರ ಸಾಲನ್ನೇ ಹಾಡಿದ ನಾಲ್ಕು ಗಂಟಲುಗಳಿಗೆ ‘ಹೋಗಬೇಡ’ ಎಂಬ ಒಂದು ಶಬ್ದ ಕಲಿಸಲು ನನ್ನ ಅಮ್ಮ ಪಟ್ಟ ಪಾಡನ್ನು ಕಂಡರೆ, ಗಿಳಿ ಸಾಕುವುದು ಸುಲಭ ಎನ್ನಿಸುತ್ತಿತ್ತು. ಅವಳ ಸಾಲು ಮುಗಿಯುವ ಮೊದಲೇ ಅವರ ಬಾಯಿ ಅದೇ ಆಕಾರಕ್ಕೆ ಬಂದುಬಿಡುತ್ತಿತ್ತು. ಸಂಘದ ಖರ್ಚಿನಲ್ಲಿ ಹೊಲಿಸಿದ ಕಡು ಕೆಂಪು ಕೋಟುಗಳು ಮಾತ್ರ ಹಾಡಿಗಿಂತ ಮೊದಲೇ ತಯಾರಾದವು, ನಾಲ್ವರೂ ಕನ್ನಡಿಯ ಮುಂದೆ ಸರದಿಯಲ್ಲಿ ನಿಂತು ನೋಡಿಕೊಂಡರು. ಆದರೂ ಕಡೆಯ ವಾರ ಹೇಗೋ ದಾರಿಗೆ ಬಂತು. ಅಮ್ಮ ಹೋಗಲೋ ಇರಲೋ ಎಂದಳು, ಅಪ್ಪ ಮೊದಲಿಗರಾಗಿ, ತೀರಾ ಸಣ್ಣ ದನಿಯಲ್ಲಿ, ಹೋಗಬೇಡ ಎಂದರು. ಉಳಿದವರು ಅವರ ಹಿಂದೆ ಬಂದರು. ಅಪ್ಪನ ಕಿವಿ ಕೆಂಪಾಗಿತ್ತು. ಅಮ್ಮ ಆ ದಿನ ರಾತ್ರಿಯ ಊಟಕ್ಕೆ ಕೋಳಿ ಸಾರು ಹಾಕಿದ ಕೋರಿ ರೊಟ್ಟಿ ಮಾಡಿದಳು, ಶುಕ್ರವಾರ ಭಜನೆಯೆಂದು ಮಾಂಸ ಮಾಡದ ಮನೆಯಾದರೂ. ಮರುದಿನ ಜೊಹರಾ ಆಂಟಿ ಮೆಟ್ಟಿಲಲ್ಲಿ ಸಿಕ್ಕಿದಾಗ ಕೇಳಿದಳು.

“ನಿನ್ನೆ ನಿಮ್ಮಲ್ಲಿ ನಿನ್ನಪ್ಪ ಮಾತಾಡಿದ್ದು ಕೇಳಿತು. ಎಂತ ವಿಶೇಷ?”

ವಾರ್ಷಿಕೋತ್ಸವ ಒಂದು ಶಾಲೆಯ ಆಡಿಟೋರಿಯಮ್ಮಿನಲ್ಲಿ. ಮಲ್ಲಿಗೆ ಮುಡಿದ ಹೆಂಗಸರು, ಸೆಂಟು ಬಳಿದ ಗಂಡಸರು, ಹಿಂದಿನ ಸಾಲಿನಲ್ಲಿ ಫೋನು ಒತ್ತುವ ಮಕ್ಕಳು. ಅಧ್ಯಕ್ಷರ ಭಾಷಣ, ಕಾರ್ಯದರ್ಶಿಯ ಭಾಷಣ, ಅಧ್ಯಕ್ಷರ ಭಾಷಣ ಚೆನ್ನಾಗಿತ್ತೆಂದು ಖಜಾಂಚಿಯ ಭಾಷಣ. ಇಷ್ಟು ಜನ ಸಮುದ್ರ ದಾಟಿ ಬಂದದ್ದು ಒಬ್ಬರಿಗೊಬ್ಬರು ಶಾಲು ಹೊದಿಸಲಿಕ್ಕೆ ಎಂದು ಆಗಲೇ ನನಗೆ ಖಾತ್ರಿಯಾಗಿತ್ತು. ಆಮೇಲೆ ಅಮ್ಮನ ಸರದಿ. ಅವಳು ಹಸಿರು ಸೀರೆ ಉಟ್ಟು ಒಂದು ಮೈಕಿನ ಮುಂದೆ, ನಾಲ್ಕು ಕೆಂಪು ಕೋಟುಗಳು ಇನ್ನೊಂದರ ಮುಂದೆ. ಸಂಗೀತ ಶುರುವಾಯಿತು. ಅಮ್ಮ ಅಪ್ಪನ ಕಡೆಗೇ ತಿರುಗಿ ಹಾಡಿದಳು. ಅವಳ ದನಿ ಅಷ್ಟು ದೊಡ್ಡದಿದೆಯೆಂದು ಮನೆಯ ಹಾಲ್‌ನಲ್ಲಿ ನನಗೆ ತಿಳಿದಿರಲಿಲ್ಲ. ಹೋಗಲೋ, ಇರಲೋ, ನೀನೇ ಹೇಳು.

ಅಪ್ಪ ಬಾಯಿ ತೆರೆದರು. ಜನರನ್ನು ನೋಡಿದರು. ಬಾಯಿ ತೆರೆದೇ ಇತ್ತು. ಆಗ ಪಕ್ಕದಿಂದ ಜಯಣ್ಣ, ಭಜನೆಯ ಗತ್ತಿನಲ್ಲಿ ಎರಡೂ ಕಣ್ಣು ಮುಚ್ಚಿ ಶುರುಮಾಡಿದರು, ಹೋಗಲೋ, ಇರಲೋ. ಉಳಿದಿಬ್ಬರು ಸೇರಿಕೊಂಡರು. ಅಪ್ಪ ಸೇರಿಕೊಂಡರು. ಇಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಆದರೆ ಎದುರಿಗೆ ಕೂತವರೂ ಅದೇ ಶುಕ್ರವಾರದ ಭಜನೆಯ ಜನವಲ್ಲವೇ. ಒಬ್ಬರು ಹೇಳಿದ್ದನ್ನು ನಾಲ್ವರು ಹೇಳಿದ್ದು ಕೇಳಿದ್ದೇ ತಡ, ಮುಂದಿನ ಸಾಲಿನ ಹೆಂಗಸರು ತಾಳ ಹಾಕತೊಡಗಿದರು, ಎರಡನೆಯ ಸಲಕ್ಕೆ ಇಡೀ ಆಡಿಟೋರಿಯಂ, ಅಧ್ಯಕ್ಷರು ಶಾಲು ಸಮೇತ, ತಲೆಯಾಡಿಸುತ್ತ ಹಾಡುತ್ತಿತ್ತು, ಹೋಗಲೋ, ಇರಲೋ, ನೀನೇ ಹೇಳು. ಒಂದು ಹೆಂಗಸು ಜೀವ ಬಾಯಿಗೆ ತಂದುಕೊಂಡು ಕೇಳಿದ ಪ್ರಶ್ನೆಯನ್ನು ಅಷ್ಟೂ ಜನ ಸೇರಿ ಅವಳಿಗೇ ಕೇಳಿದರು. ನಾನು ಮೂರನೇ ಸಾಲಿನಲ್ಲಿ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಖುಷಿಯಾಗಿದ್ದರು. ನನಗೆ ಅವರೆಲ್ಲರ ಮೇಲೆ ಹೇಸಿಗೆ ಹುಟ್ಟಿತು, ಅದು ಇನ್ನೂ ಪೂರ್ತಿ ಹೋಗಿಲ್ಲ.

ಮೂರನೆಯ ಸಲ ಅಮ್ಮ ಹಾಡಲಿಲ್ಲ. ಸಂಗೀತ ತನ್ನ ಪಾಡಿಗೆ ಹೋಗುತ್ತಿತ್ತು. ಅವಳು ಅಪ್ಪನನ್ನೇ ನೋಡುತ್ತಿದ್ದಳು. ನಾಲ್ವರೂ, ಮುಂದಿನ ಸಾಲು ಕೊಡಿ ಎಂಬಂತೆ, ಅವಳನ್ನು ನೋಡುತ್ತಿದ್ದರು. ಕೋಲೆ ಬಸವನಿಗಾದರೂ ತಲೆಯಾಡಿಸುವಾಗ ಸ್ವಲ್ಪ ಬೇಜಾರು ಇರುತ್ತದೆ, ಇವರಿಗೆ ಅದೂ ಇರಲಿಲ್ಲ. ಆಗ ಅಮ್ಮ ಮೈಕನ್ನು ಕೈಗೆ ತೆಗೆದುಕೊಂಡು, ಬರೆದುಕೊಳ್ಳದ, ಯಾವತ್ತೂ ಪ್ರಾಕ್ಟೀಸು ಮಾಡದ ಸಾಲೊಂದನ್ನು ಹಾಡಿದಳು.

ಹೋಗು, ಹೋಗು, ನಿನ್ನ ದಾರಿಗೆ ನೀನು ಹೋಗು.

ನಾಲ್ವರೂ ಹಾಡಿದರು. ಹೋಗು, ಹೋಗು. ಈ ಸಲ ಅಪ್ಪನ ದನಿಯೇ ಎಲ್ಲರಿಗಿಂತ ಮೇಲಿತ್ತು. ಭಜನೆಯ ದಿನದ ನೆಮ್ಮದಿ ಮುಖಕ್ಕೆ ವಾಪಸು ಬಂದಿತ್ತು, ಕಣ್ಣು ಮುಚ್ಚಿತ್ತು, ಕೈ ತಾಳ ಹಾಕುತ್ತಿತ್ತು. ಅಮ್ಮ ಅದನ್ನು ಮತ್ತೆ ಹೇಳಿಸಿದಳು. ಮತ್ತೂ ಒಮ್ಮೆ ಹೇಳಿಸಿದಳು. ಸಭೆಯೂ ಹೇಳಿತು. ಹಾಡು ಮುಗಿದಾಗ ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿತ್ತು. ಹಿಂದಿರುಗುವಾಗ ಕಾರಿನಲ್ಲಿ ಜಯಣ್ಣ, ನೋಡಿ ಅಕ್ಕ, ಕಡೆಗೆ ಭಜನೆ ಹಾಗೆ ಮಾಡಿದ್ದಕ್ಕೇ ಜನಕ್ಕೆ ಹಿಡಿಸಿದ್ದು ಎಂದು ದಾರಿಯುದ್ದಕ್ಕೂ ಹೇಳಿದರು, ಹಿಂದಿನ ಸೀಟಿನಲ್ಲಿ ಇಬ್ಬರು ಹೌದೆಂದರು. ಮರುದಿನ ಬೆಳಿಗ್ಗೆ ಅಮ್ಮ ಅಪ್ಪನ ದೋಸೆಯ ತಟ್ಟೆಯ ಪಕ್ಕದಲ್ಲಿ ಎನ್‌ಒಸಿಯ ಕಾಗದ ಇಟ್ಟಳು.

“ಸೈನ್ ಹಾಕಿ.”

“ಇದು ಎಂತ?”

“ನಿನ್ನೆ ಹೋಗು ಅಂದ್ರಲ್ಲ, ಅದು.”

“ಅದು ಹಾಡು ಅಲ್ವಾ.”

“ಊರವರೆಲ್ಲ ಕೇಳಿದ್ದಾರೆ.”

“ಊರವರೆಲ್ಲ ಕೇಳಿದ್ದಾರೆ,” ಎಂದರು ಅಪ್ಪ, ಮತ್ತು ಸೈನ್ ಹಾಕಿದರು. ನೋಡುವ ಎನ್ನಲು ಅವತ್ತು ಏನೂ ಉಳಿದಿರಲಿಲ್ಲ.

ಖಾಲಿದಿಯಾದ ಮನೆ ಎಂದರೆ ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ, ಎರಡೇ ಪ್ಲೇಟು. ಅಮ್ಮ ಅಲ್ಲಿ ಬೇರೆ ಹೆಂಗಸಾದಳು. ಟೀಚರ್ಸ್ ರೂಮಿನ ಜಗಳಗಳನ್ನು ಮನೆಗೆ ತಂದು ನನ್ನೊಡನೆ ಮತ್ತೊಮ್ಮೆ ಆಡುತ್ತಿದ್ದಳು, ನಾನು ಎದುರು ಪಕ್ಷ ವಹಿಸಬೇಕು. ನನ್ನ ನಾಲಿಗೆ ಇಷ್ಟು ಚೂಪಾದದ್ದು ಆ ಅಡುಗೆಮನೆಯಲ್ಲಿ. ಈಗ ಆಫೀಸಿನಲ್ಲಿ ನನ್ನನ್ನು ಕಂಡರೆ ಹೆದರುವವರಿದ್ದಾರೆ, ಮೀಟಿಂಗಿನಲ್ಲಿ ಬಾಸ್ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳುವವರನ್ನು ನಾನು ನಡುವೆಯೇ ತಡೆಯುತ್ತೇನೆ. ಅದಕ್ಕೆ ನನಗೆ ಬಡ್ತಿಯೂ ಸಿಕ್ಕಿದೆ, ಗೆಳೆತನಗಳೂ ತಪ್ಪಿವೆ. ಕಾಲೇಜಿಗೆ ಹೋಗುವ ಹೊತ್ತಿಗೆ ಒಮ್ಮೆ, ಅಮ್ಮ ಸಿಗಡಿ ಸುಲಿಯುತ್ತಿದ್ದಾಗ, ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದೆ.

“ಆವತ್ತು ಅಪ್ಪ ಸರಿಯಾಗಿ ಹಾಡಿದ್ದಿದ್ರೆ? ಹೋಗಬೇಡ ಅಂತ ಹೇಳಿದ್ದಿದ್ರೆ ನೀನು ಇರ್ತಿದ್ಯಾ?”

“ಇರ್ತಿದ್ದೆ ಅಂತಲ್ಲ,” ಎಂದಳು. ಸಿಗಡಿಯ ತಲೆ ತೆಗೆದು ಬದಿಗೆ ಹಾಕಿದಳು. “ಯಾಕೆ ಹೋಗ್ಬಾರ್ದು ಅಂತ ಜಗಳ ಮಾಡ್ತಿದ್ದೆ. ಜಗಳ ಮಾಡ್ಲಿಕ್ಕೆ ಮನೆಯಲ್ಲಿ ಒಬ್ಬರು ಇದ್ದಾರೆ ಅಂತಾದ್ರೂ ಆಗ್ತಿತ್ತು.”

ಮೊದಲ ವರ್ಷಗಳಲ್ಲಿ ಅಪ್ಪ ಶುಕ್ರವಾರ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದರು, ಭಜನೆ ಬಿಟ್ಟು. ಭಜನೆ ಬಿಟ್ಟರು ಎನ್ನುವುದನ್ನು ನೆಂಟರು ದೊಡ್ಡ ತ್ಯಾಗವೆಂದು ಈಗಲೂ ಹೇಳುತ್ತಾರೆ. ಬಂದವರು ಊಟ ಮಾಡುತ್ತಿದ್ದರು, ಅಮ್ಮ ಕೇಳಿದ್ದಕ್ಕೆ ಅದನ್ನೇ ಮರಳಿ ಹೇಳುತ್ತಿದ್ದರು, ಕುರ್ಚಿಯಲ್ಲಿ ಕೂತು ಸ್ವಲ್ಪ ತೂಕಡಿಸುತ್ತಿದ್ದರು. ಸಂಜೆಯಾದರೆ ಎದ್ದು ಶೂ ಹಾಕಿಕೊಂಡು, ಲೇಸು ಕಟ್ಟಿ, ಬಾಗಿಲು ತೆರೆದು ಹೊಸ್ತಿಲಲ್ಲಿ ನಿಲ್ಲುತ್ತಿದ್ದರು. ಮರುದಿನವೂ ಗೋಡೌನಿಗೆ ರಜೆಯೇ. ಮಡಚುವ ಹಾಸಿಗೆಯೊಂದು ಬಾಗಿಲ ಹಿಂದೆಯೇ ಇತ್ತು, ಅವರ ಕಣ್ಣು ಅದರ ಮೇಲೆ ಹೋಗುವುದನ್ನು ನಾನು ಪ್ರತಿ ಸಲ ನೋಡಿದ್ದೇನೆ. ಇರುತ್ತೇನೆ ಎಂದು ಹೇಳಿದ್ದರೆ ಅಮ್ಮ ಹಾಸಿಗೆ ಬಿಡಿಸುತ್ತಿದ್ದಳು, ಅದೂ ನನಗೆ ಗೊತ್ತು. ಅವರು ಕೇಳುತ್ತಿದ್ದರು.

“ಹಾಗಾದ್ರೆ ನಾನು ಹೋಗ್ಲಾ? ಇರ್ಲಾ?”

ಅಮ್ಮ ತಡಮಾಡುತ್ತಿರಲಿಲ್ಲ.

“ಹೋಗಿ.”

“ಹೋಗಿ,” ಎಂದು ತಮಗೆ ತಾವೇ ಹೇಳಿಕೊಂಡು ಅಪ್ಪ ಲಿಫ್ಟಿನ ಕಡೆ ನಡೆಯುತ್ತಿದ್ದರು.